ಹಳದಿ ಜೇಡಿಯ ಕೆಳಗಿನ ಪೆಟ್ಟಿಗೆ

ಆ ಬಾವಿಗೆ ನನ್ನನ್ನು ಕಳಿಸಿದ್ದು ಕಲ್ಲು ಕಾಯುವುದಕ್ಕೆ. ನಾನು ಹಳೆಯ ಕಟ್ಟಡಗಳನ್ನು ನೋಡಿಕೊಳ್ಳುವ ಇಲಾಖೆಯವಳು. ಎಲ್ಲಿ ಗೋಡೆ ಉಬ್ಬಿದೆ, ಎಲ್ಲಿ ಕಂಬ ವಾಲಿದೆ ಎಂದು ನೋಡುವುದು, ಗಾರೆ ಅರೆಸುವುದು, ಬೇಕಾದ ಕಡೆ ನೆಲ ಅಗೆಸಿ ಅಡಿಪಾಯ ಪರೀಕ್ಷಿಸುವುದು ನನ್ನ ಕೆಲಸ. ಮನೆ ಹಿಂದೂಪುರ. ಆಗ ಲೇಪಾಕ್ಷಿಯ ಹತ್ತಿರ ಒಂದು ಸಣ್ಣ ಮಂಟಪದ ದುರಸ್ತಿ ಮುಗಿಸುತ್ತಿದ್ದೆ. ಮೊಣಕಾಲು ನೋವು ಹೆಚ್ಚಾಗಿತ್ತು. ಇದೊಂದು ಮುಗಿದರೆ ರಜೆ ಹಾಕಿ ಮನೆಯಲ್ಲಿ ಕಾಲು ಚಾಚಿ ಕೂರೋಣ ಎಂದುಕೊಂಡಿದ್ದಾಗ ಮೇಲಧಿಕಾರಿಯ ಫೋನು ಬಂತು.

"ಕಂಬದೂರು ಕಡೆ ಪಾಳೇಗಾರರ ಕಾಲದ ದಿಗುಡುಬಾವಿ ಇದೆಯಲ್ಲ ಮೇಡಂ, ಪೊಲೀಸರು ಅದರ ನೀರು ತೆಗೆಸ್ತಾರಂತೆ. ನಮ್ಮವರು ಒಬ್ಬರು ಅಲ್ಲಿರಬೇಕು. ಒಂದು ಕಲ್ಲೂ ಜರುಗಬಾರದು, ಅಷ್ಟೇ."

ದಿಗುಡುಬಾವಿ ಎಂದರೆ ಮೆಟ್ಟಿಲಿಳಿದು ನೀರು ಮುಟ್ಟುವ ಬಾವಿ. ಆ ಬಾವಿಯನ್ನು ನಾನು ಹಿಂದೊಮ್ಮೆ ನೋಡಿದ್ದೆ. ನಾಲ್ಕು ಮೂಲೆಯ ಕಲ್ಲುಕಟ್ಟಡ, ಮೂರು ಕಡೆ ಗೋಡೆ, ಒಂದು ಕಡೆ ಅಗಲವಾದ ಮೆಟ್ಟಿಲು, ಈಶಾನ್ಯದ ಮೂಲೆಯಲ್ಲಿ ಗಂಗಮ್ಮನ ಗೂಡು. ಹಿಂದೂಪುರದಿಂದ ಪಾವಗಡಕ್ಕೆ ಒಂದು ಬಸ್ಸು, ಅಲ್ಲಿಂದ ಕಲ್ಯಾಣದುರ್ಗಕ್ಕೆ ಇನ್ನೊಂದು. ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಲಾಡ್ಜಿನಲ್ಲಿ ಬ್ಯಾಗು ಇಟ್ಟು ಆಟೋದಲ್ಲಿ ಊರಿಗೆ ಹೋದೆ.

ಸರ್ಕಲ್ ಇನ್ಸ್‌ಪೆಕ್ಟರು ಬಾವಿಯ ದಂಡೆಯ ಮೇಲೆ ಕಾಯುತ್ತಿದ್ದರು. ಎಲ್ಲರೂ ಅವರನ್ನು ಸಿ.ಐ. ಸಾರು ಎನ್ನುತ್ತಿದ್ದರು. ತೆಲುಗಿನವರು, ನಮ್ಮ ಗಡಿಯ ಕನ್ನಡವನ್ನೂ ಸರಾಗವಾಗಿ ಆಡುತ್ತಿದ್ದರು. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ವಿಷಯ ತಿಳಿಸಿದ್ದು ಅವರೇ.

ಊರಿನ ಅಮ್ಮನ ಗುಡಿಯಲ್ಲಿ ಒಂದು ಪೆಟ್ಟಿಗೆ ಇತ್ತು. ಒಳಗೆ ಅಮ್ಮನಿಗೆ ಪಾಳೇಗಾರರು ಮಾಡಿಸಿಕೊಟ್ಟ ಚಿನ್ನದ ಕಿರೀಟ, ಮುಖದ ಕವಚ, ಕೆಂಪು ಕೂರಿಸಿದ ಡಾಬು ಇವೆ ಎಂದು ಊರೆಲ್ಲ ನಂಬಿತ್ತು. ಪೆಟ್ಟಿಗೆಯನ್ನು ಯಾರೂ ತೆರೆಯುವಂತಿಲ್ಲ. ಕೆಂಪು ಬಟ್ಟೆ ಸುತ್ತಿ ಅಮ್ಮನ ಬೆನ್ನ ಹಿಂದೆ ಇಟ್ಟಿರುತ್ತಿದ್ದರು. ವರ್ಷಕ್ಕೊಮ್ಮೆ ಪೂಜಾರಿ ಒಬ್ಬನೇ ಒಳಗೆ ನಿಂತು ಬಟ್ಟೆ ಬದಲಿಸುತ್ತಿದ್ದ. ಪಾಳೇಗಾರರ ವಂಶದ ಹಿರಿಯರು ಹಿಂದೂಪುರದಲ್ಲಿದ್ದಾರೆ. ಹೊಸ ಹಿರಿಯನಾದವನು ಒಂದು ಸಲ ಮಾತ್ರ ಅದನ್ನು ತೆರೆದು ನೋಡುವುದು ಆ ಮನೆಯ ಪದ್ಧತಿ. ಹೋದ ತಿಂಗಳು, ಈ ವರ್ಷದ ಬಟ್ಟೆ ಬದಲಿಸುವ ದಿನ ಬಂದಾಗ ಪೆಟ್ಟಿಗೆಯೇ ಇರಲಿಲ್ಲ. ಹಿರಿಯರು ದೂರು ಕೊಟ್ಟರು. ತಾಮ್ರದ ತಗಡು ಹೊದಿಸಿದ ಪೆಟ್ಟಿಗೆ, ಮುಚ್ಚಳದ ಮೇಲೆ ಕತ್ತಿ ಮತ್ತು ಚಂದ್ರನ ಗುರುತು ಎಂದು ದೂರಿನಲ್ಲಿ ಹೇಳಿದ್ದರು. ಗುಡಿಯ ಬೀಗದಕೈ ಇದ್ದದ್ದು ಪೂಜಾರಿಯ ಹತ್ತಿರ. ಅವನನ್ನು ಹಿಡಿದರು.

"ಮೊದಲು ಬಾಯೇ ಬಿಡಲಿಲ್ಲ. ಕೊನೆಗೆ ಬಾವಿಗೆ ಹಾಕಿದೆ ಅಂದ. ಗಂಗಮ್ಮನ ಗೂಡಿನ ಕೆಳಗೆ ಅಂತ ಜಾಗಾನೂ ಹೇಳಿದ. ಆಮೇಲೆ ಮತ್ತೆ ಬಾಯಿ ಮುಚ್ಚಿದ" ಎಂದರು ಸಿ.ಐ.

"ನೀವೇ ಕೇಳಿದ್ರಾ?"

"ಲೇದು ಮೇಡಂ. ಹೇಳಿಕೆ ಬರಕೊಂಡೋರು ಬೇರೆ. ನನಗೆ ಕೇಸು ಬಂದದ್ದು ಆಮೇಲೆ. ಮುಳುಗು ಹಾಕೋರನ್ನ ಇಳಿಸಿ ನೋಡಿದ್ವಿ. ಕೆಳಗೆ ಆಳುದ್ದ ಕೆಸರು. ನೀರು ತೆಗೀದೆ ಆಗಲ್ಲ."

ಬಾವಿ ಬರಿದು ಮಾಡುವುದು ಕೇಳಲು ಸುಲಭ. ತುಂಬಿದ ಬಾವಿಯಲ್ಲಿ ಒಳಗಿನ ನೀರು ಗೋಡೆಯನ್ನು ಒತ್ತಿ ಹಿಡಿದಿರುತ್ತದೆ. ಗೋಡೆಯ ಹಿಂದಿನ ಮಣ್ಣೂ ನೀರು ಕುಡಿದು ಭಾರವಾಗಿರುತ್ತದೆ. ಒಳಗಿನ ನೀರನ್ನು ಒಂದೇ ಸಲಕ್ಕೆ ಎಳೆದುಬಿಟ್ಟರೆ ಹಿಂದಿನ ಭಾರ ಗೋಡೆಯನ್ನು ಒಳಕ್ಕೆ ದೂಡುತ್ತದೆ. ಹಾಗಾಗಿ ಸ್ವಲ್ಪ ಎಳೆದು ನಿಲ್ಲಿಸಬೇಕು, ಗೋಡೆಯ ಹಿಂದಿನ ನೀರು ಸಂದುಗಳಿಂದ ಸೋರಿ ಬರುವವರೆಗೆ ಕಾಯಬೇಕು, ಆಮೇಲೆ ಮತ್ತೆ ಎಳೆಯಬೇಕು. ಗೋಡೆಯ ಹಳೆಯ ಬಿರುಕುಗಳ ಮೇಲೆ ಅಡ್ಡವಾಗಿ ಸುಣ್ಣದ ಗಾರೆಯ ತೆಳು ಪಟ್ಟಿ ಹಚ್ಚಿಸಿದೆ. ಗೋಡೆ ಕೂದಲೆಳೆಯಷ್ಟು ಜರುಗಿದರೂ ಪಟ್ಟಿ ಒಡೆದು ತೋರಿಸುತ್ತದೆ.

ಪಂಪು ತಂದವನು ಬ್ರಹ್ಮಸಮುದ್ರದ ಕಡೆಯವನು. ಐವತ್ತರ ಆಸುಪಾಸು, ಸದಾ ಹೆಗಲ ಮೇಲೆ ಎಣ್ಣೆ ಮೆತ್ತಿದ ಟವೆಲು. ನಿಲ್ಲಿಸಿ ನಿಲ್ಲಿಸಿ ಎಳೆಯುವುದು ಅವನಿಗೆ ಹಿಡಿಸಲಿಲ್ಲ.

"ಏನ್ ಮೇಡಮ್ಮ, ಇಂಜಿನ್ನು ಸುರು ಮಾಡೋದು ಆಫ್ ಮಾಡೋದು, ಸುರು ಮಾಡೋದು ಆಫ್ ಮಾಡೋದು. ಹಿಂಗಾದ್ರೆ ಯಾವಾಗ ಮುಗೀತೈತೆ?"

"ಗೋಡೆ ಬಿದ್ದರೆ ಕೆಳಗಿರೋರು ನಿಮ್ಮ ಆಳುಗಳೇ ಅಲ್ವಾ?"

ಅವನು ಟವೆಲಿನಿಂದ ಮುಖ ಒರೆಸಿಕೊಂಡ. ಆಮೇಲೆ ನಾನು ಕೈ ಎತ್ತಿದರೆ ಸಾಕು, ಇಂಜಿನ್ನು ನಿಲ್ಲಿಸುತ್ತಿದ್ದ.

ಮೊದಲ ದಿನದಿಂದಲೇ ಒಬ್ಬ ಹೆಂಗಸು ಮೆಟ್ಟಿಲ ಮೇಲಿನ ಕಟ್ಟೆಯಲ್ಲಿ ಬಂದು ಕೂರುತ್ತಿದ್ದಳು. ನಲವತ್ತರ ಒಳಗಿನ ವಯಸ್ಸು. ಸೆರಗು ತಲೆಯ ಮೇಲೆ ಎಳೆದುಕೊಂಡು ನೀರಿನ ಕಡೆ ನೋಡುತ್ತಾ ಕೂತರೆ ನಾವು ಹೊರಡುವವರೆಗೂ ಏಳುತ್ತಿರಲಿಲ್ಲ. ಊರಿನ ಜನ ಅವಳ ಪಕ್ಕ ಕೂರುತ್ತಿರಲಿಲ್ಲ.

"ಪೂಜಾರಪ್ಪನ ಹೆಂಡ್ತಿ ಕಣಮ್ಮ" ಎಂದ ಪಂಪಿನವನು ಮೆಲ್ಲಗೆ. "ಪೆಟ್ಗೆ ಸಿಕ್ರೆ ಗಂಡ ಕಳ್ಳ. ಸಿಗ್ದಿದ್ರೆ ಕಳ್ಳನೂ ಹೌದು, ಸುಳ್ಳನೂ ಹೌದು. ಅಂಗಾಗೈತೆ ಆವಮ್ಮನ ಬಾಳು."

ನೀರು ಅರ್ಧ ಇಳಿದಿತ್ತೋ ಇಲ್ಲವೋ, ಪೂರ್ವದ ಗೋಡೆಯ ಒಂದು ಪಟ್ಟಿ ಒಡೆಯಿತು. ಮಧ್ಯದಲ್ಲಿ ಕಲ್ಲುಗಳು ಹೊಟ್ಟೆ ಬಂದ ಹಾಗೆ ಉಬ್ಬಿದ್ದವು. ನಾನು ಕೂಡಲೇ ಎಲ್ಲರನ್ನೂ ಮೇಲೆ ಕರೆಸಿ ಕೆಲಸ ನಿಲ್ಲಿಸಿದೆ. ಗೋಡೆಯಿಂದ ಗೋಡೆಗೆ ಆನಿಸಲು ನೀಲಗಿರಿ ದಿಮ್ಮಿ ಬೇಕಾಯಿತು. ದಿಮ್ಮಿ ತಂದ ಟ್ರಾಕ್ಟರು ದಾರಿಯಲ್ಲಿ ಕೆಟ್ಟು ನಿಂತಿತು. ಸಿ.ಐ. ಅವರಿಗೆ ಮೇಲಿನಿಂದ ಫೋನು, ನನಗೂ ಮೇಲಿನಿಂದ ಫೋನು. ಅವರಿಗೆ ಏಕೆ ತಡ ಎಂದು ಕೇಳುತ್ತಿದ್ದರು, ನನಗೆ ಏಕೆ ಅವಸರ ಎಂದು. ಇಬ್ಬರೂ ಒಂದೇ ಬೇವಿನ ಮರದ ಕೆಳಗೆ ನಿಂತು ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ "ಆಯ್ತು ಸಾರ್, ಆಯ್ತು ಸಾರ್" ಎನ್ನುತ್ತಿದ್ದೆವು. ಸಂಜೆ ಲಾಡ್ಜಿಗೆ ಬಂದು ಬಿಸಿನೀರಿನ ಚೀಲ ಮೊಣಕಾಲಿಗೆ ಇಟ್ಟುಕೊಂಡರೆ ನಿದ್ದೆ ಬರುವ ಮೊದಲೇ ಅದು ತಣ್ಣಗಾಗುತ್ತಿತ್ತು.

ದಿಮ್ಮಿಗಳನ್ನು ಆನಿಸಿ, ಬೆಣೆ ಹೊಡೆದು, ಮತ್ತೆ ನೀರೆಳೆದೆವು. ನೀರು ತಳ ಕಂಡ ಮೇಲೆ ಬಗ್ಗಡ ಎಳೆಯುವ ಪಂಪು ಇಳಿಸಿದೆವು. ಗುಟ್ಕಾ ಚೀಟಿ, ಹಾಲಿನ ಕವರು ಸಿಕ್ಕಿಕೊಂಡು ಅದು ಮತ್ತೆ ಮತ್ತೆ ನಿಂತುಹೋಯಿತು. ಕೊನೆಗೆ ಆಳುಗಳೇ ಕೆಸರಿಗಿಳಿದರು. ಸಲಿಕೆಯಲ್ಲಿ ಎತ್ತಿ ಬಾಂಡ್ಲಿಗೆ ಹಾಕುವುದು, ಬಾಂಡ್ಲಿಯನ್ನು ಕೈಯಿಂದ ಕೈಗೆ ಮೆಟ್ಟಿಲು ಹತ್ತಿಸುವುದು, ಮೇಲೆ ಜರಡಿಯಲ್ಲಿ ಹಾಕಿ ನೀರು ಬಿಟ್ಟು ತೊಳೆಯುವುದು. ಗೂಡಿನ ಕೆಳಗಿನ ಮೂಲೆಯಿಂದಲೇ ಶುರು ಮಾಡಿದೆವು. ಪ್ಲಾಸ್ಟಿಕ್ಕು, ತೆಂಗಿನ ಚಿಪ್ಪು, ಒಂದು ಮೊಬೈಲು, ಒಡೆದ ಬಳೆ, ಚಪ್ಪಲಿಗಳು ಸಿಕ್ಕವು. ಪೆಟ್ಟಿಗೆ ಇಲ್ಲ.

ಕಪ್ಪು ಕೆಸರು ಮುಗಿದು ಬೂದು ಬಣ್ಣದ ಹೂಳು ಬಂತು. ಇದರಲ್ಲಿ ಪ್ಲಾಸ್ಟಿಕ್ಕು ಇರಲಿಲ್ಲ. ಬ್ಯಾಟರಿ ಸೆಲ್ಲಿನೊಳಗಿನ ಕರಿ ಕಡ್ಡಿಗಳು, ಅಲ್ಯುಮಿನಿಯಂ ಲೋಟ, ಲಾಂದ್ರದ ಗಾಜಿನ ಚೂರು ಸಿಕ್ಕವು. ನನಗೆ ಆಗಲೇ ಅನುಮಾನ ಬಂತು. ಹೋದ ತಿಂಗಳು ಎಸೆದ ವಸ್ತು ಪ್ಲಾಸ್ಟಿಕ್ಕಿನ ಪದರ ದಾಟಿ ಇಷ್ಟು ಕೆಳಗೆ ಬರುವುದಿಲ್ಲ.

ಸಿ.ಐ. ಉದ್ದ ಕೈಯಿನ ಜೆಸಿಬಿ ತರಿಸುತ್ತೇನೆ ಎಂದರು. "ಒಂದೇ ದಿನ ಮೇಡಂ. ಎಲ್ಲ ಮೇಲೆ ತೆಗೆದು ಹರಡಿ ನೋಡೋಣ."

"ಮೆಟ್ಟಿಲು ಒಡೆದುಹೋಗುತ್ತೆ. ಅದಕ್ಕಿಂತ ಹೆಚ್ಚಾಗಿ, ಯಾವುದು ಎಲ್ಲಿತ್ತು ಅನ್ನೋದೇ ಗೊತ್ತಾಗಲ್ಲ. ನಾನು ಸಹಿ ಹಾಕಲ್ಲ ಸಾರ್."

ಅವರು ವಾದಿಸಲಿಲ್ಲ. ಕಟ್ಟೆಯ ಮೇಲೆ ಕೂತು ಬೂಟು ಬಿಚ್ಚಿ ಕಾಲು ತಿಕ್ಕಿಕೊಂಡರು. ಅವರಿಗೂ ಸಾಕಾಗಿತ್ತು.

ಬೂದು ಹೂಳಿನ ಕೆಳಗೆ ಹಳದಿ ಜೇಡಿ ಕಂಡಿತು. ಗೇಣು ದಪ್ಪದ ಪದರ, ಬಾವಿಯ ತಳದುದ್ದಕ್ಕೂ ಚಾಪೆ ಹಾಸಿದ ಹಾಗೆ. ಪಂಚನಾಮೆಗೆ ಸಾಕ್ಷಿಯಾಗಿ ಊರಿನ ಹಿರಿಯರೊಬ್ಬರು ದಿನವೂ ಬಂದು ಕೂರುತ್ತಿದ್ದರು. ಎಂಬತ್ತು ಸಮೀಪಿಸಿದ ರೈತರು. ಬಾಂಡ್ಲಿಯಲ್ಲಿ ಮೇಲೆ ಬಂದ ಜೇಡಿಯನ್ನು ಬೆರಳಲ್ಲಿ ಒತ್ತಿ ನೋಡಿ ನಕ್ಕರು.

"ಇದು ಮೇಗಳ ಕೆರೆ ಮಣ್ಣು ಕಣಮ್ಮ. ನಾವು ಮೀಸೆ ಬರ್ದೇ ಇರೋ ವಯಸ್ನಾಗೆ ಕೆರೆ ಕಟ್ಟೆ ಒಡೀತು. ನೀರೆಲ್ಲಾ ಈ ಬಾವಿಗೆ ನುಗ್ತು. ವಾರಗಟ್ಲೆ ಬಾವಿ ಅರಿಸ್ನ ಕಲಸ್ದಂಗಿತ್ತು. ಅದುಕ್ಕೆ ಮುಂಚೆ ಬ್ಯಾಸ್ಗೇಲಿ ಊರೋರೆಲ್ಲ ಸೇರಿ ಹೂಳು ತೆಗೀತಿದ್ವಿ. ಆಮೇಲಾಮೇಲೆ ಬೋರು ಬಂದ್ವು, ಯಾರು ತೆಗೀತಾರೆ?"

ಅಲ್ಲಿಗೆ ಬಾವಿಯ ಲೆಕ್ಕ ನನಗೆ ಸ್ಪಷ್ಟವಾಯಿತು. ಜೇಡಿಯ ಮೇಲಿರುವುದೆಲ್ಲ ಕಟ್ಟೆ ಒಡೆದ ಮೇಲಿನದು, ಕೆಳಗಿರುವುದೆಲ್ಲ ಅದಕ್ಕಿಂತ ಹಳೆಯದು. ಸಿ.ಐ. ಅವರಿಗೆ ಹೇಳಿದೆ. "ಸಾರ್, ಇನ್ನು ಅಗೆದು ಪ್ರಯೋಜನವಿಲ್ಲ. ಇತ್ತೀಚಿನದು ಏನೂ ಇದರ ಕೆಳಗಿರೋದು ಸಾಧ್ಯವಿಲ್ಲ. ಅವನು ಬಾವಿಗೆ ಹಾಕಿಲ್ಲ."

"ಅಂದ್ರೆ ಮಾರಿಕೊಂಡಿದಾನೆ" ಎಂದರು ಅವರು. "ಇಷ್ಟು ದಿನ ನಮ್ಮನ್ನ ಕೆಸರಲ್ಲಿ ಆಡಿಸಿದ. ನಾಳೆ ಪಂಪು ಕಟ್ಟಿಸಿಬಿಡಿ."

ನಾನು ಮೆಟ್ಟಿಲು ಹತ್ತಿ ಮೇಲೆ ಬಂದಾಗ ಪೂಜಾರಿಯ ಹೆಂಡತಿ ಎದ್ದು ನಿಂತಳು. ಅಷ್ಟು ದಿನದಲ್ಲಿ ಅವಳು ನನ್ನ ಜೊತೆ ಮಾತಾಡಿದ್ದು ಅದೇ ಮೊದಲು.

"ನಿಲ್ಲಿಸ್ಬುಟ್ರಾ ಅಮ್ಮ?"

"ಹೌದಮ್ಮ. ಇಲ್ಲಿ ಏನೂ ಇಲ್ಲ."

"ಐತೆ. ಅವ್ರು ಸುಳ್ಳು ಏಳಕ್ಕಿಲ್ಲ."

"ನಿನ್ನ ಯಜಮಾನರೇ ಇಲ್ಲಿ ಹಾಕ್ದೆ ಅಂತ ಹೇಳಿದಾರಂತೆ. ಹೋದ ತಿಂಗಳು ಹಾಕಿದ್ದರೆ ಮೇಲೇ ಸಿಗಬೇಕಿತ್ತು."

"ಆಕ್ದೆ ಅಂತ ಅವ್ರು ಅನ್ನಲೇ ಇಲ್ಲ." ಅವಳು ನನ್ನ ದಾರಿಗೆ ಅಡ್ಡ ನಿಂತಳು. "ನಾನು ಅಲ್ಲೇ ಟೇಸನ್ ಬಾಗ್ಲಾಗೆ ನಿಂತಿದ್ದೆ. 'ಪೆಟ್ಗೆ ಬಾವಿನಾಗೈತೆ, ಗಂಗಮ್ಮನ ಗೂಡಿನ ಕೆಳೀಕೆ' ಅಂದ್ರು. ಅಷ್ಟೇ ಅಂದಿದ್ದು. ಬರಕಳ್ಳೋರು ತೆಲುಗ್ನಾಗೆ ಏನ್ ಬರಕಂಡ್ರೋ ನಂಗೆ ಗೊತ್ತಿಲ್ಲ."

ಐತೆ ಎನ್ನುವುದಕ್ಕೂ ಹಾಕಿದೆ ಎನ್ನುವುದಕ್ಕೂ ಇರುವ ಅಂತರ ನನಗೆ ಆ ಬಿಸಿಲಿನಲ್ಲಿ ನಿಧಾನವಾಗಿ ಹೊಳೆಯಿತು. ಅವನು ಹೋದ ತಿಂಗಳಿನ ಮಾತೇ ಆಡಿರಲಿಕ್ಕಿಲ್ಲ. ನಾನು ತಿರುಗಿ ಸಿ.ಐ. ಹತ್ತಿರ ಹೋದೆ. ಆ ಮೂಲೆಯಲ್ಲಿ ಮಾತ್ರ, ಜೇಡಿಯ ಕೆಳಗೆ ಒಂದು ಸಣ್ಣ ಗುಂಡಿ ತೆಗೆಯಲು ಬಿಡಿ, ಒಂದು ದಿನ ಸಾಕು ಎಂದು ಕೇಳಿದೆ. ಏನೂ ಇರುವುದು ಸಾಧ್ಯವಿಲ್ಲ ಎಂದು ಈಗ ತಾನೇ ಹೇಳಿದ್ದಿರಲ್ಲ ಎಂದರು. ಹೌದು, ಹೊಸದು ಇರುವುದು ಸಾಧ್ಯವಿಲ್ಲ ಎಂದೆ. ಅವರು ನನ್ನ ಮುಖ ನೋಡಿ, "ಸರೇ, ಕಾನೀಂಡಿ" ಎಂದು ಒಪ್ಪಿದರು.

ಮರುದಿನ ನಾನೇ ಕೆಳಗಿಳಿದು ಕೂತೆ. ಮಂಡಿ ಊರಲಾಗದೆ, ಮಗುಚಿದ ಬಾಂಡ್ಲಿಯ ಮೇಲೆ ಕೂತು ಕರಣೆಯಿಂದ ಕೆರೆಯುತ್ತಾ ಹೋದೆ. ಗೋಡೆಯ ಬುಡದಲ್ಲಿ ಜೇಡಿಯನ್ನು ಕತ್ತರಿಸಿ ಕಿರಿದಾದ ಗುಂಡಿ ಮಾಡಿ, ಅದರ ಒಂದು ಪಕ್ಕವನ್ನು ಗೋಡೆಯ ಹಾಗೆ ನೇರವಾಗಿ ಉಳಿಸಿಕೊಂಡೆ. ಜೇಡಿಯ ಕೆಳಗೆ ದಪ್ಪ ಮರಳು ಇತ್ತು. ಊಟದ ಹೊತ್ತಿಗೆ ಮುಂಚೆ ಕರಣೆ ಲೋಹಕ್ಕೆ ತಾಗಿತು. ಉಳಿಸಿಕೊಂಡ ಆ ಮಣ್ಣಿನ ಗೋಡೆಯ ಕೆಳಭಾಗದಿಂದ ಒಂದು ಮೂಲೆ ಹೊರಗೆ ಇಣುಕಿತ್ತು. ಒದ್ದೆ ಬಟ್ಟೆಯಿಂದ ಒರೆಸಿದೆ. ಕಪ್ಪಾದ ತಾಮ್ರದ ತಗಡು. ಅದರ ಮೇಲೆ ಸಣ್ಣ ಚಂದ್ರನ ಅರ್ಧ.

ಪಂಪಿನವನು ಕೂಗಿಬಿಟ್ಟ. "ಸಿಕ್ತು! ಸಾರೂ, ಪೆಟ್ಗೆ ಸಿಕ್ತು!"

ಮೇಲೆ ಜನ ಸೇರಿದರು. ಸಿ.ಐ. ಬೂಟು ಹಾಕಿಕೊಂಡೇ ಕೆಸರಿಗಿಳಿದು ಬಂದರು. ಎಷ್ಟೋ ದಿನಗಳ ನಂತರ ಅವರ ಮುಖದಲ್ಲಿ ನಗು ಕಂಡಿತು. "ಅವನು ಹೇಳಿದ ಜಾಗದಲ್ಲೇ! ಇನ್ನೇನು ಬೇಕು ಮೇಡಂ? ಆರೋಪಿ ತೋರಿಸಿದ ಜಾಗದಲ್ಲಿ ಮಾಲು ಸಿಕ್ಕರೆ ಕೇಸು ಮುಗಿದ ಹಾಗೇ." ಅವರು ಆ ಮೂಲೆಗೆ ಕೈ ಹಾಕಲು ಬಗ್ಗಿದರು.

ಕಟ್ಟೆಯ ಮೇಲೆ ಪೂಜಾರಿಯ ಹೆಂಡತಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಗಂಡನ ಮಾತು ನಿಜವಾಗಿತ್ತು. ಅದೇ ಮಾತು ಅವನನ್ನು ಜೈಲಿನಲ್ಲಿ ಉಳಿಸಲಿತ್ತು.

ನಾನು ಸಿ.ಐ. ಕೈಗೆ ಅಡ್ಡ ಬಂದೆ. "ಮುಟ್ಟಬೇಡಿ ಸಾರ್."

"ಏನ್ ಮೇಡಂ?"

"ಈ ಪೆಟ್ಟಿಗೆ ಎಷ್ಟು ಹಳೇದು ಅಂತ ಪೆಟ್ಟಿಗೆ ನೋಡಿದ್ರೆ ಗೊತ್ತಾಗುತ್ತೆ. ಯಾವಾಗ ಬಾವಿಗೆ ಬಿತ್ತು ಅಂತ ಗೊತ್ತಾಗಲ್ಲ. ಗಾಳಿಯಾಡದ ಕೆಸರಲ್ಲಿ ಮರ ಕೊಳೆಯಲ್ಲ, ತಾಮ್ರ ಕರ್ರಗಾಗುತ್ತೆ, ಅಷ್ಟೇ. ಈಗ ಎಳೆದು ತೊಳೆದು ಮೇಜಿನ ಮೇಲಿಟ್ಟರೆ ಹೋದ ತಿಂಗಳು ಹಾಕಿದ್ದು ಅಂತಲೇ ಎಲ್ಲರೂ ನಂಬ್ತಾರೆ. ಅದು ಬಿದ್ದ ಕಾಲಕ್ಕೆ ಸಾಕ್ಷಿ ಇರೋದು ಅದರ ಮೇಲಿನ ಮಣ್ಣು ಮಾತ್ರ. ಒಂದು ಸಲ ಎಳೆದರೆ ಅದು ಹೋಯ್ತು."

"ಭಾರದ ಪೆಟ್ಟಿಗೆ. ಕೆಸರಲ್ಲಿ ತಾನೇ ಮುಳುಗಿ ಹೋಗಿರಬಹುದಲ್ಲ? ಲಾಯರು ಅದನ್ನೇ ಕೇಳ್ತಾನೆ."

"ಮುಳುಗಿದ್ದರೆ ಜೇಡಿ ಹರಿದಿರಬೇಕು. ಹರಿದಿದೆಯೋ ಇಲ್ಲವೋ ಕತ್ತರಿಸಿ ತೋರಿಸ್ತೀನಿ. ನೀವೂ ನೋಡಿ, ಸಾಕ್ಷಿಗೆ ಬಂದ ಊರ ಹಿರಿಯರೂ ನೋಡಲಿ. ಆಮೇಲೆ ಎತ್ತೋಣ."

"ಎಂತಸೇಪು?" ಎಷ್ಟು ಹೊತ್ತು ಬೇಕು ಎಂದು ಕೇಳಿದರು.

"ಸಂಜೆ ತನಕ."

ಅಷ್ಟರಲ್ಲಿ ಮೇಲಿನಿಂದ ಇಂಜಿನ್ನಿನ ಸದ್ದು ಬದಲಾಯಿತು. ಕೆಮ್ಮಿ ಕೆಮ್ಮಿ ನಿಂತಿತು. ಪಂಪಿನವನು ಓಡಿದ. ಸ್ವಲ್ಪ ಹೊತ್ತಿಗೆ ದಂಡೆಯಿಂದ ಬಗ್ಗಿ ಕೂಗಿದ.

"ಇಂಜಿನ್ನು ಕಾದು ಇಡ್ಕಂಬುಟ್ಟೈತೆ ಮೇಡಮ್ಮ! ಇವತ್ತಿಗೆ ಆಗಕ್ಕಿಲ್ಲ. ಕಲ್ಯಾಣ್‌ದುರ್ಗದಿಂದ ಬೇರೇದು ತರ್ಬೇಕು. ನೀರು ಏಳ್ತೈತೆ, ಪೆಟ್ಗೆ ಎತ್ಕಂಡು ಬಂದ್ಬುಡಿ!"

ಅವನ ಮಾತು ಸರಿಯಾಗಿತ್ತು. ತಳದ ಬುಗ್ಗೆಯಿಂದ ನೀರು ಆಗಲೇ ನನ್ನ ಪಾದ ಮುಟ್ಟಿತ್ತು. ಜೇಡಿ ನೆನೆದರೆ ಕುಸಿಯುತ್ತದೆ, ಪದರ ಕಲಸಿಹೋಗುತ್ತದೆ. ಪೆಟ್ಟಿಗೆ ಎತ್ತಿಕೊಂಡು ಹೋಗಿಬಿಟ್ಟಿದ್ದರೆ ನನ್ನನ್ನು ಯಾರೂ ಬಯ್ಯುತ್ತಿರಲಿಲ್ಲ. ನನಗೆ ವಹಿಸಿದ್ದ ಕಲ್ಲುಗಳು ನಿಂತಲ್ಲೇ ನಿಂತಿದ್ದವು. ಸೊಂಟದಿಂದ ಕೆಳಗೆ ಮೈ ನನ್ನದಲ್ಲ ಎನ್ನುವಷ್ಟು ಸುಸ್ತಾಗಿತ್ತು. ಆದರೂ ಪೆಟ್ಟಿಗೆ ಎತ್ತುವುದಿಲ್ಲ ಎಂದೆ. ಬಾಂಡ್ಲಿಯಲ್ಲಿ ನೀರು ಮೊಗೆದು ಹಾಕೋಣ ಎಂದೆ.

ಸಿ.ಐ. ತಮ್ಮ ಕಾನ್‌ಸ್ಟೇಬಲ್‌ಗಳ ಕಡೆ ತಿರುಗಿ, "ರಂಡಿ, ದಿಗಂಡಿ" ಎಂದು ಎಲ್ಲರನ್ನೂ ಕೆಳಗೆ ಕರೆದರು. ಮೊದಲ ಬಾಂಡ್ಲಿ ಹಿಡಿದವರು ಅವರೇ.

ಆಳುಗಳು, ಪೊಲೀಸರು, ಊರಿನ ನಾಲ್ಕಾರು ಜನ ಮೆಟ್ಟಿಲುದ್ದಕ್ಕೂ ಸಾಲಾಗಿ ನಿಂತರು. ಸಾಲು ಒಂದು ಕಡೆ ತುಂಡಾಗಿತ್ತು. ಪೂಜಾರಿಯ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಅಲ್ಲಿ ನಿಂತಳು. ಪಕ್ಕದವನು ಅನುಮಾನಿಸಿದ. "ಕೊಡಣ್ಣ" ಎಂದಳು. ಅವನು ಬಾಂಡ್ಲಿ ಕೊಟ್ಟ.

ನಾನು ಗುಂಡಿಯ ಸುತ್ತ ಜೇಡಿಯಿಂದಲೇ ಒಡ್ಡು ಕಟ್ಟಿ, ಪೆಟ್ಟಿಗೆಯ ಮೇಲಿನ ಮಣ್ಣಿನ ಗೋಡೆಯನ್ನು ಚಾಕುವಿನಂತೆ ಹಿಡಿದ ಕರಣೆಯಿಂದ ನೀಟಾಗಿ ಸವರಿದೆ. ಮೇಲೆ ತೆಗೆಯದೆ ಉಳಿದಿದ್ದ ಬೂದು ಹೂಳಿನ ತೆಳು ಪದರ, ಅದರ ಕೆಳಗೆ ಹಳದಿ, ಆಮೇಲೆ ಮರಳು. ಆ ಹಳದಿ ಪಟ್ಟಿ ಎಡದಿಂದ ಬಂದು ಪೆಟ್ಟಿಗೆಯ ಮುಚ್ಚಳದ ಮೇಲೆ ಸ್ವಲ್ಪ ಏರಿ, ಬಲಕ್ಕೆ ಇಳಿದು ಹೋಗಿತ್ತು. ಮಲಗಿದವರ ಮೇಲೆ ಹೊದಿಕೆ ಹೊದಿಸಿದ ಹಾಗೆ. ಎಲ್ಲಿಯೂ ಒಂದು ಹರಕು ಇರಲಿಲ್ಲ. ಅಳತೆಯ ಕೋಲು ಇಟ್ಟು ಫೋಟೋ ತೆಗೆದೆ, ನಕ್ಷೆ ಬರೆದೆ. ಹಿರಿಯರನ್ನು ಇಬ್ಬರು ಹಿಡಿದುಕೊಂಡು ಕೆಳಗೆ ಕರೆತಂದರು. ಅವರು ಬೆರಳಿನಿಂದ ಹಳದಿ ಪಟ್ಟಿಯನ್ನು ಈ ತುದಿಯಿಂದ ಆ ತುದಿಗೆ ಸವರಿದರು.

"ಕಟ್ಟೆ ಒಡ್ದಾಗಿಂದ ಇದ್ನ ಯಾರೂ ಮುಟ್ಟಿಲ್ಲ" ಎಂದರು. ಆಮೇಲೆ ಸಿ.ಐ. ಕಡೆ ತಿರುಗಿ, "ಆಗ ಪೂಜಾರಪ್ಪ ಹುಟ್ಟೇ ಇರ್ಲಿಲ್ಲ ಕಣಪ್ಪ. ಅವ್ರಪ್ಪಂಗೇ ಮದ್ವೆ ಆಗಿರ್ಲಿಲ್ಲ."

ಸಿ.ಐ. ತಾವೇ ಬಗ್ಗಿ ಪದರಗಳನ್ನು ನೋಡಿದರು. "ಮಾಲು ಸಿಕ್ತು, ಕಳ್ಳ ಹೋದ" ಎಂದು ತಮಗೇ ಹೇಳಿಕೊಂಡರು.

ಪೆಟ್ಟಿಗೆ ಎತ್ತಿದೆವು. ಚಿಲಕವನ್ನು ಯಾರೋ ಮೀಟಿ ಮುರಿದಿದ್ದರು. ಒಳಗೆ ಮಣ್ಣು, ಕೊಳೆತ ಕೆಂಪು ಬಟ್ಟೆ. ಬಟ್ಟೆಯ ಮಡಿಕೆಯಲ್ಲಿ ಆಭರಣದಿಂದ ಕಳಚಿಬಿದ್ದ ಒಂದು ಚಿನ್ನದ ಮೊಗ್ಗು, ಮೆಣಸಿನ ಕಾಳಿನಷ್ಟು. ಬೇರೇನೂ ಇರಲಿಲ್ಲ.

ಹಾಗಾದರೆ ಇಷ್ಟು ವರ್ಷ ಅಮ್ಮನ ಬೆನ್ನ ಹಿಂದೆ ಕೆಂಪು ಬಟ್ಟೆಯಲ್ಲಿ ಇದ್ದದ್ದೇನು? ಅದಕ್ಕೆ ಉತ್ತರ ಹೇಳಬಲ್ಲವರು ಇಬ್ಬರೇ. ಒಬ್ಬ ಜೈಲಿನಲ್ಲಿ ಬಾಯಿ ಮುಚ್ಚಿ ಕೂತಿದ್ದ. ಇನ್ನೊಬ್ಬರು, ಪೆಟ್ಟಿಗೆಯನ್ನು ಒಂದು ಸಲ ತೆರೆದು ನೋಡಿದ್ದ ಪಾಳೇಗಾರರ ವಂಶದ ಹಿರಿಯರು, ಹಿಂದೂಪುರದಲ್ಲಿದ್ದರು.

ಮಣ್ಣಿನ ವಿಷಯ ವಿವರಿಸಲು ಸಿ.ಐ. ನನ್ನನ್ನೂ ಜೀಪಿನಲ್ಲಿ ಕೂರಿಸಿಕೊಂಡರು. ಆ ಹಿರಿಯರನ್ನು ಊರಿನವರು ದೊರೆಗಳು ಎನ್ನುತ್ತಿದ್ದರು. ಹಿಂದೂಪುರದ ಹುಣಸೆ ಮಂಡಿಯಲ್ಲಿ ಗುಮಾಸ್ತರಾಗಿದ್ದು ಕೆಲಸ ಬಿಟ್ಟವರು. ಮಗ ಸೊಸೆಯ ಜೊತೆ ಮಹಡಿಯ ಮನೆಯಲ್ಲಿದ್ದರು. ಮೊಮ್ಮಗಳು ಬಾಗಿಲು ತೆರೆದಳು. ಗೋಡೆಯ ಮೇಲೆ ಕತ್ತಿಯೂ ಇರಲಿಲ್ಲ, ಪಟವೂ ಇರಲಿಲ್ಲ. ಕ್ಯಾಲೆಂಡರು, ಟೀವಿ, ಒಣಹಾಕಿದ ಬಟ್ಟೆ. ಬಿಳಿ ಅಂಗಿಯ ತೆಳ್ಳನೆಯ ಮುದುಕರು ಎದ್ದು ಬಂದು ನಮಗೆ ಕುರ್ಚಿ ಹಾಕಿದರು.

ನಾನು ಫೋಟೋ ತೋರಿಸಿ, ಹಳದಿ ಪಟ್ಟಿ ಏನೆಂದು ಹೇಳಿದೆ. ಅವರು ಫೋಟೋವನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು.

"ಬಾವಿಯಲ್ಲಿತ್ತೇ ಇದು" ಎಂದರು. "ನನಗೆ ಅದು ಗೊತ್ತಿರಲಿಲ್ಲಮ್ಮ. ಚಿಕ್ಕವನಿದ್ದಾಗ, ಬಟ್ಟೆ ಬದಲಿಸುವ ದಿನ ಗುಡಿಯೊಳಗೆ ನುಸುಳಿ ನೋಡಿದ್ದು. ಈ ಚಂದ್ರನ ಮೇಲೆ ಬೆರಳಾಡಿಸಿದ್ದೆ."

"ಗುಡಿಯಲ್ಲಿ ಇದ್ದದ್ದು?" ಎಂದರು ಸಿ.ಐ.

"ಮರದ ಪೆಟ್ಟಿಗೆ. ಒಳಗೆ ಮರಳು."

ಒಳಮನೆಯಲ್ಲಿ ಟೀವಿ ಸದ್ದು ನಿಂತಿತು. ಅವರು ದನಿ ತಗ್ಗಿಸಿ ಹೇಳಿದರು. ಚಿನ್ನ ಕದ್ದದ್ದು ಅವರ ದೊಡ್ಡಪ್ಪ. ಪ್ರಾಯದಲ್ಲಿ ಪೆಟ್ಟಿಗೆ ಒಡೆದು, ಒಡವೆ ತೆಗೆದುಕೊಂಡು ಊರು ಬಿಟ್ಟವರು ಮತ್ತೆ ಬರಲಿಲ್ಲ. ಎಲ್ಲಿ ಮಾರಿದರು, ಏನಾದರು, ಯಾರಿಗೂ ತಿಳಿಯಲಿಲ್ಲ. ಅಮ್ಮನ ಚಿನ್ನ ದೊರೆಯ ಮಗನೇ ಕದ್ದ ಎಂದು ಊರಿಗೆ ಹೇಗೆ ಹೇಳುವುದು? ಇವರ ತಂದೆ ಅದೇ ಅಳತೆಯ ಮರದ ಪೆಟ್ಟಿಗೆ ಮಾಡಿಸಿ, ಮರಳು ತುಂಬಿಸಿ, ಬಟ್ಟೆ ಸುತ್ತಿಸಿ ಇಡಿಸಿದರು. ಗೊತ್ತಿದ್ದದ್ದು ಆಗಿನ ಪೂಜಾರಿಗೆ, ಅಂದರೆ ಈಗ ಜೈಲಿನಲ್ಲಿರುವವನ ತಂದೆಗೆ.

"ನನ್ನ ಸರದಿ ಬಂದಾಗ ತಂದೆ ತೆರೆದು ತೋರಿಸಿದರು. ಕೈ ಹಾಕಿದರೆ ಮರಳು" ಎಂದರು ದೊರೆಗಳು.

"ಮತ್ತೆ ದೂರು ಯಾಕೆ ಕೊಟ್ರಿ?" ಸಿ.ಐ. ದನಿ ಏರಿತ್ತು.

"ಊರಿನವರು ಬಂದು ಇಲ್ಲೇ ಕೂತರು. ದೂರು ಕೊಡದಿದ್ದರೆ ಅವರಿಗೆ ಅನುಮಾನ ಬರ್ತಿತ್ತು. ನೀವು ನಾಲ್ಕು ದಿನ ಹುಡುಕಿ ಬಿಡ್ತೀರಿ ಅಂದುಕೊಂಡೆ. ಹೊರಗಿನ ಕಳ್ಳ ಯಾರೋ ಕದ್ದ ಅಂತಾದರೆ ನಮ್ಮ ಮನೆ ಮೇಲಿನ ಭಾರ ಇಳಿದ ಹಾಗೇ ಅಂತ..."

"ಪೂಜಾರಿ ಒಳಗೆ ಹೋದ ಮೇಲಾದರೂ ಹೇಳಬಹುದಿತ್ತಲ್ಲ ದೊರೆಗಳೇ" ಎಂದೆ.

ಅವರು ಫೋಟೋವನ್ನು ನನ್ನ ಕೈಗೆ ಹಿಂದಿರುಗಿಸಿದರು. ಒಳಗಿನಿಂದ ಸೊಸೆ ಬಂದು ಬಾಗಿಲಲ್ಲಿ ನಿಂತಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳೆಂದು ಮುಖ ನೋಡಿದರೆ ತಿಳಿಯುತ್ತಿತ್ತು. "ಮಾವ, ಹೋಗಿ ಬರೆದುಕೊಟ್ಟು ಬನ್ನಿ" ಎಂದಳು. ಮುದುಕರು ಎದ್ದು ಚಪ್ಪಲಿ ಹುಡುಕಿದರು.

ದೊರೆಗಳೇ ಹೇಳಿದರು ಎಂದು ಗೊತ್ತಾದ ಮೇಲೆ ಪೂಜಾರಿಯೂ ಬಾಯಿ ಬಿಟ್ಟ. ಅವನು ಹೇಳಿದ್ದನ್ನು ಸಿ.ಐ. ನನಗೆ ಫೋನಿನಲ್ಲಿ ತಿಳಿಸಿದರು. ಬರಿದಾದ ತಾಮ್ರದ ಪೆಟ್ಟಿಗೆಯನ್ನು ಬಾವಿಗೆ ಹಾಕಿದ್ದು ಅವನ ತಂದೆಯೇ. ದೊರೆಗಳ ದೊಡ್ಡಪ್ಪ ಹೆದರಿಸಿ ಹಾಕಿಸಿದ್ದರು. ಸಾಯುವ ಮೊದಲು ತಂದೆ ಮಗನಿಗೆ ಎಲ್ಲ ಹೇಳಿ, ದೊರೆಗಳ ಮನೆಯ ಮಾತು ಹೊರಗೆ ಹಾಕುವುದಿಲ್ಲ ಎಂದು ಭಾಷೆ ತೆಗೆದುಕೊಂಡಿದ್ದ. ಈ ವರ್ಷ ಗುಡಿ ತೊಳೆಯುವಾಗ ಮರದ ಪೆಟ್ಟಿಗೆ ಅವನ ಕೈಯಲ್ಲೇ ಪುಡಿಯಾಯಿತು. ಪೂರಾ ಗೆದ್ದಲು ತಿಂದಿತ್ತು. ಮರಳನ್ನು ಗುಡಿಯ ಹಿಂದೆ ಸುರಿದು, ಮರವನ್ನು ಪ್ರಸಾದದ ಒಲೆಗೆ ಹಾಕಿದ. ಏನು ಹೇಳುವುದೆಂದು ತಿಳಿಯದೆ ಸುಮ್ಮನಿದ್ದ. ಪೊಲೀಸರು ಬಿಡದೆ ಕೇಳಿದಾಗ, ಭಾಷೆಯನ್ನೂ ಮುರಿಯದೆ ಸುಳ್ಳನ್ನೂ ಹೇಳದೆ, ಆ ಒಂದು ಮಾತು ಹೇಳಿದ್ದ. ಪೆಟ್ಟಿಗೆ ಬಾವಿಯಲ್ಲಿದೆ.

ನನ್ನ ಸಾಕ್ಷಿ ಬರೆಸಿಕೊಳ್ಳಲು ಕಲ್ಯಾಣದುರ್ಗಕ್ಕೆ ಕರೆಸಿದ್ದ ದಿನವೇ ಅವನ ಬಿಡುಗಡೆ ಇತ್ತು. ಕೋರ್ಟಿನಿಂದ ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಜೈಲಿನ ಗೇಟಿನ ಮುಂದೆ ಪೂಜಾರಿಯ ಹೆಂಡತಿ ಆಟೋ ನಿಲ್ಲಿಸಿಕೊಂಡು ಕಾಯುವುದು ಕಂಡಿತು. ನಾನೂ ನಿಂತೆ. ರಸ್ತೆಯ ಈಚೆ, ನನಗೆ ಸ್ವಲ್ಪ ದೂರದಲ್ಲಿ, ದೊರೆಗಳು ನಿಂತಿದ್ದರು. ಒಬ್ಬರೇ ಬಸ್ಸಿನಲ್ಲಿ ಬಂದಿದ್ದರು. ನೆತ್ತಿಯ ಮೇಲೆ ಸೂರ್ಯ, ಕೊಡೆ ಇಲ್ಲ. ಬಿಳಿ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

ಪೂಜಾರಿ ಹೊರಗೆ ಬಂದ. ನಾನು ಅವನನ್ನು ನೋಡಿದ್ದು ಅದೇ ಮೊದಲು. ಕುಳ್ಳಗೆ, ಗಡ್ಡ ಬೆಳೆದಿತ್ತು. ಹೆಂಡತಿ ಅವನ ಕೈಯಲ್ಲಿದ್ದ ಗಂಟು ತೆಗೆದುಕೊಂಡಳು. ಅವನು ತಲೆ ಎತ್ತಿದಾಗ ರಸ್ತೆಯಾಚೆ ದೊರೆಗಳು ಕಂಡರು. ಅವರು ಎರಡೂ ಕೈ ಜೋಡಿಸಿದರು. ತುಟಿ ಅಲ್ಲಾಡಿತು. ಲಾರಿ ಬಸ್ಸುಗಳ ಗದ್ದಲದಲ್ಲಿ ಮಾತು ಆಚೆಗೆ ಮುಟ್ಟಿರಲಾರದು.

"ಅತ್ತ ನೋಡ್ಬ್ಯಾಡ್ರಿ, ಆಟೋ ಅತ್ರಿ" ಎಂದು ಹೆಂಡತಿ ಅವನ ರಟ್ಟೆ ಹಿಡಿದು ಆಟೋ ಕಡೆ ಎಳೆದಳು. ಅವಳು ರಸ್ತೆಯ ಈಚೆ ಒಮ್ಮೆಯೂ ತಿರುಗಲಿಲ್ಲ.

ಅವನು ಒಂದು ಕಾಲು ಆಟೋದೊಳಗೆ ಇಟ್ಟವನು ನಿಂತು, ಈಚೆಗೆ ಏನೋ ಕೂಗಿ ಹೇಳಿ ಹತ್ತಿಕೊಂಡ. ಆಟೋ ಹೊರಟುಹೋಯಿತು.

ದೊರೆಗಳು ಜೋಡಿಸಿದ ಕೈಯನ್ನು ಇಳಿಸಿರಲಿಲ್ಲ. ನಾನು ಹತ್ತಿರ ಹೋದೆ. ಗುರುತು ಹಿಡಿದರು.

"ಏನಂದನಮ್ಮ ಅವನು? ನನಗೆ ಕೇಳಿಸಲಿಲ್ಲ."

ನನಗೆ ಕೇಳಿಸಿತ್ತು.

"ಬಿಸಿಲು ಜೋರೈತೆ ದೊರೆ, ನೆಳ್ಳಿಗೆ ನಿಂತ್ಕಳ್ರಿ ಅಂದ."

ಪಕ್ಕದಲ್ಲೇ ಟೀ ಅಂಗಡಿಯ ಚಪ್ಪರವಿತ್ತು. ಅವರು ಅದರ ಕಡೆ ನೋಡಿದರು, ಆಟೋ ಹೋದ ರಸ್ತೆಯ ಕಡೆ ನೋಡಿದರು, ನಿಂತಲ್ಲೇ ನಿಂತರು. ಪಾವಗಡದ ಬಸ್ಸು ಬಂತು. ಅವರೂ ಅದರಲ್ಲೇ ಬರಬೇಕಿತ್ತು. ಬನ್ನಿ ಎಂದು ಕರೆದೆ. ನೀವು ಹೋಗಿ ಎಂಬಂತೆ ತಲೆಯಾಡಿಸಿದರು. ನಾನು ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ, ಕಿಟಕಿಯ ಪಕ್ಕ ಕೂತೆ. ಬಸ್ಸು ತಿರುಗುವವರೆಗೂ ಅವರು ಬಿಸಿಲಿನಲ್ಲೇ ಇದ್ದರು.